ಪ್ರತಿಭೆ ತಾನಾಗೇ ಮೇಲೆ ಬರುತ್ತೆ ಅನ್ನೋದು ಸುಳ್ಳು

ನಮ್ಮ ಕಡೆ ಖರ್ಚಿಲ್ಲದ ಒಂದು ಆಶೀರ್ವಾದ ಇದೆ. ಯಾರೋ ಹುಡುಗ ಹೊಸದಾಗಿ ಏನೋ ಬರೆದು, ರಾಗ ಹಾಕಿ, ಹತ್ತು ನಿಮಿಷ ಕೂತು ಕೇಳಿ ಅಂತ ಬಂದ ಅಂದುಕೊಳ್ಳಿ. ಊರಿನ ಹಿರಿಯರು ಬೆನ್ನು ತಟ್ಟಿ ಹೇಳ್ತಾರೆ: "ಪ್ರತಿಭೆ ಇದ್ರೆ ತಾನಾಗೇ ಮೇಲೆ ಬರ್ತೀಯ ಬಿಡಪ್ಪ." ಹೇಳಿದವರು ಚಹಾ ಕುಡಿದು ಎದ್ದು ಹೋಗ್ತಾರೆ. ಹುಡುಗ ಬರೆದದ್ದು ಅವನ ಚೀಲದಲ್ಲೇ ಉಳಿಯುತ್ತೆ.

ಸುದ್ದಿ ಬರೆಯುವ ನಾವೂ ಇದೇ ಮಾತನ್ನು ಇನ್ನೊಂದು ಥರ ಹೇಳ್ತೀವಿ. ಕಲಾವಿದ ತೀರಿಹೋದ ಮೇಲೆ "ಎಲೆಮರೆಯ ಕಾಯಿ" ಅಂತ ತಲೆಬರಹ ಕೊಡ್ತೀವಿ. ಎಲೆ ಸರಿಸಿ ನೋಡುವ ಕೆಲಸ ಯಾರದಾಗಿತ್ತು ಅಂತ ನಮ್ಮನ್ನು ಯಾರೂ ಕೇಳಲ್ಲ. ಇವತ್ತು ನಾವೇ ಕೇಳಿಕೊಳ್ಳೋಣ ಅಂತ ಈ ಬರಹ.

ಇದಕ್ಕೆ ಒಂದು ದೂರದ ಊರಿನ ಕತೆ ಬೇಕು. ಊರು ಆಸ್ಟ್ರಿಯಾದ ವಿಯೆನ್ನಾ. ಹುಡುಗನ ಹೆಸರು ಫ್ರಾಂಜ್ ಶೂಬರ್ಟ್. 1797ರಲ್ಲಿ ಹುಟ್ಟಿದವನು, ಶಾಲಾ ಮಾಸ್ತರರ ಮಗ. ಅವನು ಬರೆದ ಸಂಗೀತದಲ್ಲಿ ಒಂದು ಬಗೆಗೆ ಚೇಂಬರ್ ಮ್ಯೂಸಿಕ್ ಅಂತಾರೆ, ಅಂದರೆ ಕೋಣೆಯಲ್ಲಿ ಕೂತು ನುಡಿಸುವ ಸಂಗೀತ. ಮೂವರು, ನಾಲ್ವರು, ಹೆಚ್ಚೆಂದರೆ ಎಂಟೊಂಬತ್ತು ಜನ. ಒಬ್ಬೊಬ್ಬರಿಗೂ ಬೇರೆ ಬೇರೆ ಭಾಗ, ಪ್ರತಿ ಸ್ವರವೂ ಕಾಗದದ ಮೇಲೆ ಬರೆದಿರುತ್ತೆ. ಮುಂದೆ ನಿಂತು ಕೋಲು ಆಡಿಸುವವನು ಇರಲ್ಲ. ಒಬ್ಬ ತಪ್ಪಿದರೆ ಮರೆಸಲು ಪಕ್ಕದಲ್ಲಿ ಇನ್ನೊಬ್ಬನಿಲ್ಲ.

ಇಂಥದ್ದನ್ನು ಬರೆಯುವವನಿಗೆ ಬರೆದರಷ್ಟೇ ಸಾಲದು, ಬರೆದದ್ದನ್ನು ಕಿವಿಯಾರೆ ಕೇಳಬೇಕು. ಬಡಗಿ ಕೂರಿಗೆ ಮಾಡಿ ಕೊಟ್ಟಿಗೆಯಲ್ಲಿ ನಿಲ್ಲಿಸಿದರೆ ಅದರ ಗುಣ ಗೊತ್ತಾಗಲ್ಲ. ಹೊಲಕ್ಕಿಳಿಸಿ ಹೂಡಿದಾಗಲೇ ಬೀಜ ಸರಿಯಾಗಿ ಸಾಲಿಗೆ ಬೀಳುತ್ತೋ ಇಲ್ಲವೋ ತಿಳಿಯೋದು. ಸಂಗೀತ ಬರೆಯುವವನಿಗೆ ಆ ಹೊಲ ಅಂದರೆ ಮೊದಲ ಪ್ರದರ್ಶನ.

ಶೂಬರ್ಟ್‌ಗೆ ಮೊದಲ ಹೊಲ ಸಿಕ್ಕಿದ್ದು ಮನೆಯಲ್ಲೇ. ಇಬ್ಬರು ಅಣ್ಣಂದಿರು ಪಿಟೀಲು, ಇವನು ವಿಯೋಲಾ, ಅಪ್ಪ ಚೆಲ್ಲೋ. ಬಾಲಕ ಬರೆದ ಕ್ವಾರ್ಟೆಟ್‌ಗಳನ್ನು, ಅಂದರೆ ನಾಲ್ಕು ತಂತಿವಾದ್ಯಗಳ ರಚನೆಗಳನ್ನು, ಮನೆಮಂದಿ ನುಡಿಸೋರು. ಚೆಲ್ಲೋದಲ್ಲಿ ಅಪ್ಪ ತಪ್ಪಿದರೆ ಹುಡುಗ ಮೊದಲ ಸಲ ಸುಮ್ಮನಿರುತ್ತಿದ್ದನಂತೆ. ಮತ್ತೆ ತಪ್ಪಿದರೆ ನಗುತ್ತಾ, ಎಲ್ಲೋ ಏನೋ ತಪ್ಪಾಗಿರಬೇಕು ಅಂತ ಮೆಲ್ಲಗೆ ಅನ್ನುತ್ತಿದ್ದನಂತೆ. ಅಣ್ಣ ಫರ್ಡಿನಾಂಡ್ ಇದನ್ನು ಮುಂದೆ ನೆನೆಸಿಕೊಂಡಿದ್ದಾನೆ. ಅಪ್ಪ ಅದನ್ನು ಅವಮಾನ ಅಂದುಕೊಂಡು ವಾದ್ಯ ಕೆಳಗಿಟ್ಟಿದ್ದರೆ? ಇಡಲಿಲ್ಲ. ಮಗನ ಪುಣ್ಯ.

ಆಮೇಲೆ ಹುಡುಗ ಅಪ್ಪನ ಶಾಲೆಯಲ್ಲೇ ಸಹಾಯಕ ಮಾಸ್ತರನಾದ. ಹಗಲು ಮಕ್ಕಳಿಗೆ ಅಕ್ಷರ ಕಲಿಸಿಕೊಂಡೇ 1815 ಒಂದೇ ವರ್ಷದಲ್ಲಿ 140ಕ್ಕೂ ಹೆಚ್ಚು ಹಾಡುಗಳಿಗೆ ಸಂಗೀತ ಬರೆದ. ಹಾಡುಗಳಿಂದ ವಿಯೆನ್ನಾದಲ್ಲಿ ಹೆಸರೂ ಬಂತು. ಅವನು ಯಾರಿಗೂ ಗೊತ್ತಿಲ್ಲದವನಾಗಿದ್ದ ಅಂತ ನಾವು ಹೇಳಿದರೆ ಅದೂ ಸುಳ್ಳಾಗುತ್ತೆ. ಆದರೆ ಹೆಸರಿನ ಜೊತೆ ಹಣೆಪಟ್ಟಿಯೂ ಬಂತು: ಇವನು ಹಾಡಿನವನು. ನಮ್ಮಲ್ಲೂ ಹೀಗೇ ಅಲ್ಲವೇ? ನಾಟಕದ ಪೇಟಿ ಮಾಸ್ತರು ಅಂತ ಒಮ್ಮೆ ಕರೆದರೆ ಮುಗೀತು. ಅವರು ಬೇರೆ ಏನು ತಂದರೂ "ಇದೆಲ್ಲ ನಿಮಗ್ಯಾಕೆ ಮಾಸ್ತರೇ" ಅಂತೀವಿ.

1824ರಲ್ಲಿ ಶೂಬರ್ಟ್ ಆ ಹಣೆಪಟ್ಟಿ ಕಿತ್ತುಹಾಕಲು ಹೊರಟ. ಕ್ವಾರ್ಟೆಟ್‌ಗಳನ್ನು, ಎಂಟು ವಾದ್ಯಗಳ ಒಂದು ಆಕ್ಟೆಟ್ ಅನ್ನು ಬರೆದ. ಹೀಗೆ ಬರೆಯುತ್ತಾ ದೊಡ್ಡ ಸಿಂಫನಿಗೆ ದಾರಿ ಮಾಡಿಕೊಳ್ತೀನಿ ಅಂತ ಗೆಳೆಯನಿಗೆ ಕಾಗದವನ್ನೂ ಹಾಕಿದ. ಅದೇ ವರ್ಷದ ಮಾರ್ಚ್ 14ರಂದು ಹೆಸರಾಂತ ಪಿಟೀಲುಗಾರ ಶುಪ್ಪಾಂಜಿಗ್‌ನ ತಂಡ ಅವನ ಒಂದು ಕ್ವಾರ್ಟೆಟ್ ಅನ್ನು ಸಾರ್ವಜನಿಕವಾಗಿ ನುಡಿಸಿತು. ಅದು ಅಚ್ಚೂ ಆಯಿತು. ಅವನು ಬದುಕಿರುವಾಗ ಅಚ್ಚಾದ ಕ್ವಾರ್ಟೆಟ್ ಅದೊಂದೇ. ಇವತ್ತು ಲೋಕವೆಲ್ಲ ನುಡಿಸುವ "ಡೆತ್ ಅಂಡ್ ದಿ ಮೇಡನ್" ಕ್ವಾರ್ಟೆಟ್ 1826ರಲ್ಲಿ ಒಂದು ಮನೆಯಲ್ಲಿ ಖಾಸಗಿಯಾಗಿ ನುಡಿಯಿತು, ಅಚ್ಚಾದದ್ದು 1831ರಲ್ಲಿ. ಅಷ್ಟೊತ್ತಿಗೆ ಬರೆದವನು ಇರಲಿಲ್ಲ.

ಈಗ ನಮಗೆ ಚುಚ್ಚುವ ಭಾಗಕ್ಕೆ ಬರೋಣ.

1828ರ ಮಾರ್ಚ್ 26. ಶೂಬರ್ಟ್‌ಗೆ 31 ವರ್ಷ. ಬರೀ ತನ್ನದೇ ರಚನೆಗಳ ಒಂದು ಸಾರ್ವಜನಿಕ ಕಛೇರಿ ಇಟ್ಟುಕೊಂಡ. ಅವನ ಜೀವಮಾನದಲ್ಲಿ ಅಂಥದ್ದು ನಡೆದದ್ದು ಅದೊಂದೇ ಸಲ. ಬೀಥೋವನ್ ತೀರಿಕೊಂಡು ಅವತ್ತಿಗೆ ಸರಿಯಾಗಿ ಒಂದು ವರ್ಷ. ಗೆಳೆಯರು ಓಡಾಡಿದರು, ವಾದಕರು ಬಂದರು, ಸಭಾಂಗಣ ತುಂಬಿತು. ಪಿಯಾನೋ, ಪಿಟೀಲು, ಚೆಲ್ಲೋ ಸೇರಿದ ಟ್ರಯೋ ಒಂದನ್ನು ನುಡಿಸಿದರು. ಜನ ಚಪ್ಪಾಳೆ ತಟ್ಟಿದರು, ಕೈಗೆ ನಾಲ್ಕು ಕಾಸೂ ಬಂತು.

ವಿಯೆನ್ನಾದ ಪತ್ರಿಕೆಗಳು ಏನು ಬರೆದವು? ಏನೂ ಇಲ್ಲ. ಮೂರೇ ದಿನದಲ್ಲಿ, ಮಾರ್ಚ್ 29ಕ್ಕೆ, ಇಟಲಿಯ ಪಿಟೀಲುಗಾರ ಪಗನೀನಿ ಅದೇ ಊರಲ್ಲಿ ಮೊದಲ ಕಛೇರಿ ಕೊಟ್ಟ. ಊರಿಗೆ ಊರೇ ಅವನ ಹಿಂದೆ ಬಿತ್ತು, ಪತ್ರಿಕೆಗಳೂ ಬಿದ್ದವು. ಶೂಬರ್ಟ್‌ನ ಸಂಜೆಯ ಬಗ್ಗೆ ಸ್ವಂತ ಊರಿನ ಪತ್ರಿಕೆಯಲ್ಲಿ ಒಂದು ವಿಮರ್ಶೆಯೂ ಬರಲಿಲ್ಲ. ಹೊರಗಿನ ಜರ್ಮನ್ ಪತ್ರಿಕೆಗಳಲ್ಲಿ ನಾಲ್ಕು ಸಾಲು ಬಂದವು, ಅಷ್ಟೇ.

ಇದನ್ನು ಓದಿ ನಮಗೆ ನಗು ಬರಲಿಲ್ಲ. ಅಂಥ ಸಂಜೆಗಳಲ್ಲಿ ನಾವು ಎಲ್ಲಿರ್ತೀವಿ ಅಂತ ನಮಗೆ ಗೊತ್ತು. ತಾಲ್ಲೂಕು ಕೇಂದ್ರಕ್ಕೆ ಸಿನಿಮಾ ಗಾಯಕರು ಬಂದರೆ ಬೈಕಿಗೆ ಪೆಟ್ರೋಲ್ ಹಾಕಿಸಿ ಮೊದಲೇ ಹೋಗಿ ಮುಂದಿನ ಸಾಲಲ್ಲಿ ಕೂರ್ತೀವಿ. ಶಾಲೆಯ ಕೋಣೆಯಲ್ಲಿ ನಾಲ್ಕು ಹುಡುಗರು ತಾವೇ ಕಟ್ಟಿದ್ದನ್ನು ನುಡಿಸ್ತಾರೆ ಅಂದರೆ "ಒಂದು ಫೋಟೋ ವಾಟ್ಸಾಪ್ ಮಾಡಿ, ಹಾಕೋಣ" ಅಂತೀವಿ. ಫೋಟೋ ಬಂದರೂ ಸುದ್ದಿ ಹೋಗಲ್ಲ. ಡೆಸ್ಕಿನವರು ಹಾಕಲ್ಲ ಅಂತ ಡೆಸ್ಕಿನ ಮೇಲೆ ಹೊರಿಸ್ತೀವಿ. ಎಷ್ಟು ಸಲ ಕಳಿಸಿ ನೋಡಿದ್ದೀವಿ? ಬೆರಳೆಣಿಕೆಗೂ ಸಿಗಲ್ಲ. ವಿಯೆನ್ನಾದ ಆ ವರದಿಗಾರರ ಹೆಸರು ಇವತ್ತು ಯಾರಿಗೂ ನೆನಪಿಲ್ಲ. ಅವರು ನಮ್ಮ ಹಾಗೇ ಇದ್ದಿರಬೇಕು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಆ ಟ್ರಯೋವನ್ನು ಅಚ್ಚು ಹಾಕಲು ಲೈಪ್‌ಜಿಗ್‌ನ ಪ್ರಕಾಶಕ ಕೊಟ್ಟದ್ದು ಇಪ್ಪತ್ತು ಚಿಲ್ಲರೆ ಗುಲ್ಡನ್. ಇದನ್ನು ಯಾರಿಗೆ ಅರ್ಪಿಸಬೇಕು ಅಂತ ಕೇಳಿದಾಗ, ಕೇಳಿ ಖುಷಿಪಡುವವರನ್ನು ಬಿಟ್ಟು ಬೇರೆ ಯಾರಿಗೂ ಅಲ್ಲ ಅಂತ ಶೂಬರ್ಟ್ ಉತ್ತರ ಬರೆದ. ಅಕ್ಟೋಬರ್ 2ರಂದು ಅದೇ ಪ್ರಕಾಶಕನಿಗೆ ಇನ್ನೊಂದು ಕಾಗದ: ಎರಡು ಚೆಲ್ಲೋ ಇರುವ ಐದು ವಾದ್ಯಗಳ ಒಂದು ಕ್ವಿಂಟೆಟ್ ಮುಗಿದಿದೆ, ಸದ್ಯದಲ್ಲೇ ಅಭ್ಯಾಸಕ್ಕೆ ತಗೊಳ್ತಾರೆ. ಪ್ರಕಾಶಕ ಅದನ್ನು ತಗೊಳ್ಳಲಿಲ್ಲ. ನವೆಂಬರ್ 19ಕ್ಕೆ ಶೂಬರ್ಟ್ ತೀರಿಹೋದ.

ಆ ಕ್ವಿಂಟೆಟ್ ಜನರ ಮುಂದೆ ಮೊದಲ ಸಲ ನುಡಿದದ್ದು 1850ರ ನವೆಂಬರ್ 17ರಂದು. ಬರೆದು 22 ವರ್ಷ ಆದ ಮೇಲೆ. ಅಚ್ಚಾದದ್ದು 1853ರಲ್ಲಿ. ಇವತ್ತು ಚೇಂಬರ್ ಮ್ಯೂಸಿಕ್ ಬಲ್ಲವರನ್ನು ಕೇಳಿ, ಆ ಪ್ರಕಾರದ ಅತಿ ದೊಡ್ಡ ರಚನೆಗಳಲ್ಲಿ ಇದನ್ನು ಹೆಸರಿಸ್ತಾರೆ. ಐದು ಜನ, ಐದು ಕುರ್ಚಿ, ಸುಮಾರು ಒಂದು ಗಂಟೆ. ಸಂಗೀತಕ್ಕೇ ಹೆಸರಾದ ಆ ಊರಿಗೆ ಇಷ್ಟು ಹೊಂದಿಸಲು 22 ವರ್ಷ ಬೇಕಾಯಿತು.

ನಮ್ಮ ಹಿರಿಯರು ತಕ್ಷಣ ಅಂತಾರೆ: "ನೋಡಿ, ತಡವಾದರೂ ಮೇಲೆ ಬಂದನಲ್ಲ!" ಇಲ್ಲ ಸ್ವಾಮಿ, ಅವನು ಬರಲಿಲ್ಲ, ಬೇರೆಯವರು ತಂದರು. ಅಣ್ಣ ಫರ್ಡಿನಾಂಡ್ ತಮ್ಮನ ಹಸ್ತಪ್ರತಿಗಳನ್ನು ಮನೆಯಲ್ಲಿ ಜೋಪಾನ ಮಾಡಿದ್ದ. ಶೂಮನ್ ಅನ್ನುವ ಇನ್ನೊಬ್ಬ ಸಂಗೀತ ರಚನಕಾರ ಅವನ ಮನೆಗೆ ಹೋಗಿ ಆ ಕಟ್ಟು ಬಿಚ್ಚಿಸಿದಾಗ ಒಂದು ಸಿಂಫನಿ ಸಿಕ್ಕಿತು. 1839ರಲ್ಲಿ ಮೆಂಡೆಲ್ಸನ್ ಅದನ್ನು ಲೈಪ್‌ಜಿಗ್‌ನಲ್ಲಿ ನುಡಿಸಿದ. ಈ ಶೂಮನ್ ಸಂಗೀತ ಪತ್ರಿಕೆಯೊಂದರ ಸಂಪಾದಕನೂ ಆಗಿದ್ದ ಅನ್ನೋದನ್ನು ನಾವು ಮರೆಯಬಾರದು. ಒಬ್ಬ ಪತ್ರಕರ್ತ ಎದ್ದು ಹೋಗಿ ಬಾಗಿಲು ತಟ್ಟಿದ. ಕಟ್ಟು ಒಲೆಗೆ ಹೋಗಿದ್ದರೆ "ತಾನಾಗೇ ಮೇಲೆ" ಬರಲು ಏನಿರುತ್ತಿತ್ತು? ಒಲೆಗೆ ಹೋದವರ ಹೆಸರು ನಮಗೆ ಗೊತ್ತಾಗೋದೇ ಇಲ್ಲ. ಗೆದ್ದವರನ್ನಷ್ಟೇ ಎಣಿಸಿ ಗಾದೆ ಕಟ್ಟಿದರೆ ಗಾದೆ ನಿಜ ಆಗಲ್ಲ.

ಅದೆಲ್ಲ ಹಳೇ ಕಾಲ ಅನ್ನುವವರಿಗೆ ನಮ್ಮ ಕಾಲದ್ದೇ ಒಂದು ಲೆಕ್ಕ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದಲ್ಲಿ ನಾರ್ತ್ ಆಡಮ್ಸ್ ಅಂತ ಸಣ್ಣ ಊರು. 1985ರಲ್ಲಿ ಅಲ್ಲಿನ ದೊಡ್ಡ ಕಾರ್ಖಾನೆ ಮುಚ್ಚಿತು. ಆ ಹಳೇ ಕಟ್ಟಡಗಳನ್ನೇ ರಿಪೇರಿ ಮಾಡಿ 1999ರಲ್ಲಿ ಕಲಾಕೇಂದ್ರ ತೆರೆದರು. 2009ರಿಂದ ಎಂಟು ಗಾಯಕರ ಒಂದು ಹೊಸ ತಂಡ ಬೇಸಿಗೆಯಲ್ಲಿ ಅಲ್ಲಿಗೆ ಬಂದು ಉಳಿದು ಅಭ್ಯಾಸ ಮಾಡತೊಡಗಿತು. ಅದರಲ್ಲಿ ಕ್ಯಾರೊಲಿನ್ ಶಾ ಅಂತ ಒಬ್ಬಳು, ಪಿಟೀಲು ಕಲಿತವಳು, ತಂಡದಲ್ಲಿ ಹಾಡುವವಳು. ಒಂದು ಬೇಸಿಗೆ ಒಂದು ಭಾಗ ಬರೆದಳು, ಗೆಳೆಯರು ಹಾಡಿದರು. ಮುಂದಿನ ಬೇಸಿಗೆ ಇನ್ನೊಂದು. ಹೀಗೆ 2011ರ ಹೊತ್ತಿಗೆ ವಾದ್ಯವಿಲ್ಲದ ಎಂಟು ಕಂಠಗಳ ನಾಲ್ಕು ಭಾಗದ ಒಂದು ರಚನೆ ಸಿದ್ಧವಾಯಿತು, 2012ರಲ್ಲಿ ಧ್ವನಿಮುದ್ರಣ ಬಂತು. ಅವಳೇ 50 ಡಾಲರ್ ಶುಲ್ಕ ಕಟ್ಟಿ ಪುಲಿಟ್ಜರ್ ಪ್ರಶಸ್ತಿಗೆ ಅರ್ಜಿ ಹಾಕಿದಳು. 2013ರಲ್ಲಿ ಪ್ರಶಸ್ತಿ ಬಂತು. ಸಂಗೀತ ವಿಭಾಗದಲ್ಲಿ ಅದನ್ನು ಪಡೆದವರಲ್ಲೇ ಚಿಕ್ಕವಳು, 30 ವರ್ಷ.

ಅವಳ ಪ್ರತಿಭೆ ಕಡಿಮೆ ಅಂತ ನಾವು ಹೇಳ್ತಿಲ್ಲ. ಆದರೆ ಪ್ರತಿಭೆಯ ಜೊತೆಗೆ ಏನೇನಿತ್ತು ನೋಡಿ. ಖಾಲಿ ಬಿದ್ದಿದ್ದ ಕಟ್ಟಡದಲ್ಲಿ ಒಂದು ಕೋಣೆ. ಬರೆದದ್ದನ್ನು ಅಲ್ಲೇ ಹಾಡಿ ತೋರಿಸುವ ಏಳು ಜನ. ತಪ್ಪಿದರೆ ತಿದ್ದಲು ಮುಂದಿನ ಬೇಸಿಗೆ. ಶೂಬರ್ಟ್ ಕಡೇ ದಿನಗಳಲ್ಲಿ ಬಯಸಿದ್ದೂ ಇದಕ್ಕಿಂತ ಹೆಚ್ಚೇನಲ್ಲ.

ದುಡ್ಡು ಯಾರು ಕೊಡ್ತಾರೆ ಅಂತೀರಾ? ಕೊಟ್ಟವರು ನಮ್ಮ ನಾಡಿನಲ್ಲೇ ಇದ್ದರು. ರಷ್ಯಾದ ಮೆಡ್ಟ್‌ನರ್ ಅನ್ನುವ ರಚನಕಾರ ಲಂಡನ್ನಿನಲ್ಲಿ ಮುಪ್ಪಿನಲ್ಲಿ ಮೂಲೆಗುಂಪಾಗಿದ್ದಾಗ, ಅವನ ರಚನೆಗಳನ್ನು ಧ್ವನಿಮುದ್ರಣ ಮಾಡಿಸಿದವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ಹಾಡುಗಳು ಮೊದಲ ಬಾರಿ ನುಡಿದಾಗ, ಆ ಕಛೇರಿಗೆ 4,800 ಡಾಲರಿನ ಭರವಸೆ ಕೊಟ್ಟವರೂ ಅವರೇ. ಆಗ ಅವರ ವಯಸ್ಸು ಸುಮಾರು ಮೂವತ್ತು. ಹಾಡು ಬರೆದ ಸ್ಟ್ರಾಸ್ ಹಿಂದಿನ ವರ್ಷವೇ ತೀರಿಹೋಗಿದ್ದ. ಮೊದಲ ಪ್ರದರ್ಶನಕ್ಕೆ ಬೆಲೆ ಇದೆ ಅಂತ ಅರಮನೆಗೆ ತಿಳಿದಿತ್ತು. ಆ ದುಡ್ಡು ಸಾವಿರಾರು ಮೈಲಿ ದಾಟಿ ಲಂಡನ್ ಮುಟ್ಟಿತು. ಇವತ್ತು ನಮ್ಮ ಉತ್ಸವ ಸಮಿತಿಗಳ ದುಡ್ಡು ಫ್ಲೆಕ್ಸು, ಹಾರ, ಶಾಲು, ಸ್ಮರಣಿಕೆ ದಾಟಿ ವೇದಿಕೆಯ ಮೇಲಿನ ಹುಡುಗನನ್ನು ಮುಟ್ಟಲ್ಲ.

ಅರಮನೆ ಬೇಕು ಅಂತ ನಾವು ಕೇಳ್ತಿಲ್ಲ. ನಾಲ್ಕು ಜನರ ಸಂಗೀತಕ್ಕೆ ಅರಮನೆ ಬೇಕಿಲ್ಲ. ಭಾನುವಾರ ಬೀಗ ಹಾಕಿರುವ ಶಾಲೆಯ ಒಂದು ಕೋಣೆ ಸಾಕು. ಜಾತ್ರೆ, ಗಣಪತಿ, ರಾಜ್ಯೋತ್ಸವ ಯಾವುದೇ ಇರಲಿ, ಮೂರು ಗಂಟೆಯ ಕಾರ್ಯಕ್ರಮದಲ್ಲಿ ಇಪ್ಪತ್ತು ನಿಮಿಷ ಹೊಸದಕ್ಕೆ ಅಂತ ಎತ್ತಿಡಿ. ಹಳೇ ಸಿನಿಮಾ ಹಾಡು ಬೇಡ ಅನ್ನಲ್ಲ, ಅದರ ಪಕ್ಕದಲ್ಲಿ ಇದೂ ಇರಲಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂತ ಮುಖಕ್ಕೇ ಹೇಳಿ. ಹುಡುಗ ತಿದ್ದಿಕೊಳ್ತಾನೆ. ಕೇಳದೆ ಆಶೀರ್ವಾದ ಮಾಡಬೇಡಿ.

ನಮ್ಮ ಪಾಲಿನದ್ದನ್ನೂ ಹೇಳಿಬಿಡ್ತೀವಿ. ಇನ್ನು ಮುಂದೆ ನಮ್ಮ ತಾಲ್ಲೂಕುಗಳಲ್ಲಿ ಯಾರೇ ತಾವು ಕಟ್ಟಿದ ಸಂಗೀತವನ್ನು ಮೊದಲ ಸಲ ಜನರ ಮುಂದೆ ಇಡಲಿ, ಕೇಳುವವರು ಐದೇ ಜನ ಇರಲಿ, ನಮ್ಮಲ್ಲಿ ಒಬ್ಬರು ಬಂದು ಕೂತು ಕೊನೆಯ ತನಕ ಕೇಳ್ತೀವಿ. ಫೋಟೋ ಕಳಿಸಿ ಅನ್ನಲ್ಲ. ಏನು ನುಡಿಸಿದರು, ಎಲ್ಲಿ ಹಿಡಿಯಿತು, ಎಲ್ಲಿ ಸಡಿಲವಾಯಿತು ಅಂತ ಬರೆದು ಡೆಸ್ಕಿಗೆ ಕಳಿಸ್ತೀವಿ. ಡೆಸ್ಕು ಕಸದ ಬುಟ್ಟಿಗೆ ಹಾಕಿದರೆ ಇಲ್ಲೇ, ಈ ಪುಟದಲ್ಲೇ ಹಾಕ್ತೀವಿ. ತಾರೀಕು, ಜಾಗ, ಹೊತ್ತು ತಿಳಿಸುವ ಕೆಲಸ ನಿಮ್ಮದು. ಆಮೇಲೂ ನಾವು ಬರದೆ ಹೋದರೆ, ನಮ್ಮ ಹೆಸರು ಹಿಡಿದು ಕೇಳಿ.