ಮಧುಮೇಹದ ಅಳತೆಗೋಲು ನಮ್ಮ ರಕ್ತಕ್ಕೆ ಹೊಂದಬೇಕು

ಕೊಪ್ಪಳ ಜಿಲ್ಲೆಯ ನವಲಿ ನನ್ನ ಹುಟ್ಟೂರು. ಪತ್ರಿಕೆಗಳ ಓದುಗರಿಗೆ ಈ ಹೆಸರು ಪರಿಚಿತವಾಗಿರುವುದು ಜಲಾಶಯದ ಪ್ರಸ್ತಾವದಿಂದ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನಲ್ಲಿ ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ಆ ಸಾಮರ್ಥ್ಯ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಈ ನಷ್ಟವನ್ನು ತುಂಬಿಕೊಳ್ಳಲು ನವಲಿಯ ಬಳಿ ಸಮಾನಾಂತರ ಜಲಾಶಯ ನಿರ್ಮಿಸಬೇಕೆಂಬ ಚರ್ಚೆ ವರ್ಷಗಳಿಂದ ನಡೆದಿದೆ. ಅದರ ಸಾಧಕ ಬಾಧಕಗಳು ಈ ಲೇಖನದ ವಿಷಯವಲ್ಲ. ಜಲಾಶಯದ ಹೂಳನ್ನು ಅಳೆಯಲು ಸರ್ಕಾರ ಕಾಲಕಾಲಕ್ಕೆ ತಜ್ಞರನ್ನು ಕಳುಹಿಸುತ್ತದೆ. ಆ ನೀರಿನಿಂದ ಭತ್ತ ಬೆಳೆಯುವವರ ರಕ್ತವನ್ನು ಅಷ್ಟೇ ಜತನದಿಂದ ಅಳೆಯುತ್ತಿದ್ದೇವೆಯೇ ಎಂಬುದು ನನ್ನ ಪ್ರಶ್ನೆ.

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ನಮ್ಮ ಮನೆಯಲ್ಲೇ. ಕೆಲವು ವರ್ಷಗಳ ಹಿಂದೆ ಊರಿಗೆ ಹೋದಾಗ ಅತ್ತಿಗೆ ಒಂದು ಚೀಟಿಯನ್ನು ನನ್ನ ಕೈಗಿತ್ತು, ‘ತಮ್ಮಾ, ನನಗ ಶುಗರ್ ಐತಂತ. ಗುಳಿಗಿ ನುಂಗಾಕ ಹತ್ತಿದಾಗಿಂದ ಕೈಕಾಲು ನಡಗ್ತಾವ’ ಎಂದರು. ಪಟ್ಟಣದ ಪ್ರಯೋಗಾಲಯವೊಂದರ ಆ ಚೀಟಿಯಲ್ಲಿದ್ದುದು ಒಂದೇ ಅಂಕಿ: ಎಚ್‌ಬಿಎ1ಸಿ 6.7. ಅದರ ಆಧಾರದ ಮೇಲೆ ಸಕ್ಕರೆ ತಗ್ಗಿಸುವ ಮಾತ್ರೆ ಆರಂಭವಾಗಿತ್ತು. ಅತ್ತಿಗೆ ತಾವಾಗಿಯೇ ಅನ್ನವನ್ನೂ ಬಿಟ್ಟಿದ್ದರು. ನಾಟಿಯ ದಿನಗಳಲ್ಲಿ ಒಂದು ಮಧ್ಯಾಹ್ನ ಗದ್ದೆಯ ಬದುವಿನ ಮೇಲೆ ಕುಸಿದು ಬಿದ್ದರು. ಜೊತೆಯಲ್ಲಿದ್ದ ಹೆಂಗಸರು ಬೆಲ್ಲದ ನೀರು ಕುಡಿಸಿದ್ದರಿಂದ ಚೇತರಿಸಿಕೊಂಡರು.

ಬೇರೊಬ್ಬ ವೈದ್ಯರು ತಾಳ್ಮೆಯಿಂದ ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಿದರು. ಮಾತ್ರೆ ನಿಲ್ಲಿಸಿ ಕೆಲವು ದಿನಗಳ ನಂತರ ನೋಡಿದಾಗ ಬರಿ ಹೊಟ್ಟೆಯ ಸಕ್ಕರೆ ಸಹಜವಾಗಿತ್ತು. ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಅಳೆದದ್ದೂ ಸಹಜವಾಗಿತ್ತು. ಸಹಜವಾಗಿಲ್ಲದ್ದು ಹಿಮೋಗ್ಲೋಬಿನ್, ಅದು ಎಂಟಕ್ಕಿಂತ ಕೆಳಗಿತ್ತು. ಕಬ್ಬಿಣಾಂಶದ ಚಿಕಿತ್ಸೆ ನಾಲ್ಕು ತಿಂಗಳು ನಡೆದ ಮೇಲೆ ಅದೇ ಎಚ್‌ಬಿಎ1ಸಿ 5.9ಕ್ಕೆ ಇಳಿಯಿತು. ಅತ್ತಿಗೆಗಿದ್ದುದು ಮಧುಮೇಹವಲ್ಲ, ರಕ್ತಹೀನತೆ.

ಇದು ಹೇಗಾಯಿತೆಂಬುದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ರಕ್ತದಲ್ಲಿನ ಸಕ್ಕರೆ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಎಷ್ಟು ಪಾಲು ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿದೆ ಎಂದು ಅಳೆದರೆ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಉಪವಾಸ ಬೇಕಿಲ್ಲ, ಹಿಂದಿನ ದಿನದ ಊಟದ ಪ್ರಭಾವವೂ ಇಲ್ಲ. ಈ ಅನುಕೂಲದಿಂದಾಗಿ ಅಮೆರಿಕದ ಮಧುಮೇಹ ಸಂಘ 2010ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ 6.5ನ್ನು ರೋಗನಿರ್ಣಯದ ಗಡಿಯಾಗಿ ಒಪ್ಪಿದವು. ಆದರೆ ಕಬ್ಬಿಣಾಂಶದ ಕೊರತೆಯಲ್ಲಿ ಹೊಸ ರಕ್ತಕಣಗಳ ಉತ್ಪತ್ತಿ ಕುಂಠಿತವಾಗಿ ಹಳೆಯ ಕಣಗಳ ಪಾಲು ಹೆಚ್ಚುತ್ತದೆ. ಹಳೆಯ ಕಣಕ್ಕೆ ಹೆಚ್ಚು ಸಕ್ಕರೆ ಅಂಟಿರುತ್ತದೆ. ಅಂಕಿ ಮೇಲೇರುತ್ತದೆ. ರಕ್ತಸ್ರಾವವಾದವರಲ್ಲಿ, ರಕ್ತಕಣಗಳು ಬೇಗ ನಾಶವಾಗುವ ಕಾಯಿಲೆಯಿರುವವರಲ್ಲಿ ಇದಕ್ಕೆ ವಿರುದ್ಧವಾಗಿ ಅಂಕಿ ಕೆಳಗಿಳಿದು, ಇರುವ ಮಧುಮೇಹವೂ ಮರೆಯಾಗಬಹುದು. ವಿಶ್ವ ಆರೋಗ್ಯ ಸಂಸ್ಥೆ ಈ ಎಚ್ಚರಿಕೆಯನ್ನು ಅಂದೇ ನೀಡಿತ್ತು. ರೋಗಲಕ್ಷಣಗಳಿಲ್ಲದಿದ್ದರೆ ಒಂದೇ ಪರೀಕ್ಷೆಯಿಂದ ನಿರ್ಧರಿಸಬಾರದೆಂಬ ನಿಯಮವೂ ಇದೆ. ಗಡಿಯ ಅಂಕಿ ನಮ್ಮ ಪಟ್ಟಣಗಳನ್ನು ತಲುಪಿತು. ಎಚ್ಚರಿಕೆ ದಾರಿಯಲ್ಲೇ ಉಳಿಯಿತು.

ರಕ್ತಹೀನತೆ ವಿರಳವಾಗಿರುವ ದೇಶದಲ್ಲಿ ಇಂತಹ ತಪ್ಪು ಅಪರೂಪದ್ದಾಗಿರಬಹುದು. ನಮ್ಮಲ್ಲಿ ಹಾಗಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ರಕ್ತಹೀನರು. ಕರ್ನಾಟಕದಲ್ಲಿ ಈ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟಿದೆ. ಪಠ್ಯಪುಸ್ತಕದಲ್ಲಿ ಅಪವಾದವಾಗಿರುವುದು ನಮ್ಮ ಹಳ್ಳಿಗಳಲ್ಲಿ ನಿತ್ಯದ ಸಂಗತಿ.

ಹಾಗೆಂದು ಮಧುಮೇಹದ ಭಯವೇ ಉತ್ಪ್ರೇಕ್ಷೆ ಎಂದು ಯಾರೂ ತಿಳಿಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ 10.1 ಕೋಟಿ ಮಧುಮೇಹಿಗಳೂ, ಅದರ ಅಂಚಿನಲ್ಲಿರುವ 13.6 ಕೋಟಿ ಜನರೂ ಇದ್ದಾರೆಂದು ಅಂದಾಜಿಸಿತು. ಅದಕ್ಕೂ ನಮ್ಮ ಮನೆಯಲ್ಲೇ ಸಾಕ್ಷಿಯುಂಟು. ಅಣ್ಣ ತೆಳ್ಳಗಿನ ಆಳು, ದಿನವಿಡೀ ಗದ್ದೆಯಲ್ಲಿ ದುಡಿಯುವವರು. ಅಂತಹವರಿಗೆ ಸಕ್ಕರೆ ಕಾಯಿಲೆ ಬರುವುದೇ ಇಲ್ಲವೆಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ. ಕೆಸರಿನಲ್ಲಿ ಆದ ಗಾಯ ಎರಡು ತಿಂಗಳು ಮಾಯದೆ, ಕಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಗಿ ಬಂದಾಗ ರೋಗ ಪತ್ತೆಯಾಯಿತು. ಒಂದೇ ಮನೆಯಲ್ಲಿ ರೋಗವಿಲ್ಲದವರಿಗೆ ಮಾತ್ರೆ, ರೋಗವಿದ್ದವರಿಗೆ ಪರೀಕ್ಷೆಯೇ ಇಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಸಂಖ್ಯಾಶಾಸ್ತ್ರದಲ್ಲಿ ನಾನು ಓದಿದ ಎರಡು ಬಗೆಯ ತಪ್ಪುಗಳು ಇವೇ. ಒಂದನ್ನು ಕಡಿಮೆ ಮಾಡಲು ಹೊರಟರೆ ಇನ್ನೊಂದು ಹೆಚ್ಚುತ್ತದೆ. ಎರಡನ್ನೂ ತಗ್ಗಿಸುವ ದಾರಿ ಒಂದೇ: ಅಳತೆಯ ಗುಣಮಟ್ಟವನ್ನು ಸುಧಾರಿಸುವುದು.

ಅಳತೆಗೋಲನ್ನು ನಮ್ಮ ಜನರಿಗೆ ಹೊಂದಿಸುವ ಕೆಲಸ ನಮ್ಮವರಿಂದ ಆಗದ್ದೇನಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ದಾಖಲಿಸಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಶಿಶುಗಳನ್ನು ನಡುವಯಸ್ಸಿನವರಾಗಿ ಹುಡುಕಿ ಪರೀಕ್ಷಿಸಿದರು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11ರಷ್ಟು ಮಂದಿಗೆ, 3.1 ಕಿಲೋ ಮೀರಿದವರಲ್ಲಿ ಶೇ 3ರಷ್ಟು ಮಂದಿಗೆ ಹೃದ್ರೋಗವಿತ್ತೆಂದು 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಯಾಯಿತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನ ಗರ್ಭಿಣಿಯರ ಸಕ್ಕರೆಯನ್ನು ಅಳೆದು, ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಎಳವೆಯಲ್ಲೇ ಕೊಬ್ಬು ಹೆಚ್ಚಿತ್ತು. ಆ ಗರ್ಭಿಣಿಯರಲ್ಲಿ ಶೇ 43ರಷ್ಟು ಮಂದಿಗೆ ಬಿ12 ಜೀವಸತ್ವದ ಕೊರತೆಯಿತ್ತೆಂಬುದೂ ತಿಳಿದುಬಂತು. ದಾದಿಯರ ಒಂದು ಸಾಧಾರಣ ಪುಸ್ತಕ ಇಷ್ಟೆಲ್ಲ ಅರಿವಿಗೆ ಮೂಲವಾಯಿತು.

ಇನ್ನೊಂದು ನಿದರ್ಶನ ನೆರೆಯ ಚೆನ್ನೈನದು. ಗರ್ಭಿಣಿಯರ ಮಧುಮೇಹ ಪರೀಕ್ಷೆಗೆ ಬರಿ ಹೊಟ್ಟೆಯಲ್ಲಿ ಬರಬೇಕೆಂಬುದು ಪಶ್ಚಿಮದ ಪದ್ಧತಿ. ಬೆಳಗಿನ ಬಸ್ಸು ಹಿಡಿದು ಬರುವ ಹಳ್ಳಿಯ ಗರ್ಭಿಣಿಗೆ ಇದು ಸಾಧ್ಯವೇ? ಡಾ. ವಿ. ಶೇಷಯ್ಯ ಮತ್ತು ಸಂಗಡಿಗರು ಊಟ ಮಾಡಿದ್ದರೂ ಇಲ್ಲದಿದ್ದರೂ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆಯ ನಂತರ 140 ಮಿಲಿಗ್ರಾಂ ದಾಟಿದೆಯೇ ಎಂದು ನೋಡುವ ಸರಳ ವಿಧಾನವನ್ನು ರೂಪಿಸಿದರು. ಅದರ ನಿಖರತೆಯ ಬಗ್ಗೆ ತಜ್ಞರಲ್ಲಿ ವಾದಗಳಿವೆ. ಆದರೂ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ತನ್ನ ಮಾರ್ಗಸೂಚಿಯಲ್ಲಿ ಅಳವಡಿಸಿಕೊಂಡಿತು. ಭಾರತೀಯರಿಗೆ ದೇಹತೂಕ ಸೂಚ್ಯಂಕದ ಗಡಿ 25ರ ಬದಲು 23 ಎಂದು 2009ರಲ್ಲಿ ತಜ್ಞರು ಒಮ್ಮತಕ್ಕೆ ಬಂದದ್ದೂ ಇಂತಹ ಅಧ್ಯಯನಗಳ ಫಲವೇ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸೇವೆಯಲ್ಲಿದ್ದಾಗ ಬೇರೊಂದು ಜಿಲ್ಲೆಯಲ್ಲಿ ಆರೋಗ್ಯ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ ಸಭೆಗಳನ್ನು ನಡೆಸಿದ್ದೇನೆ. ಅಸಾಂಕ್ರಾಮಿಕ ರೋಗಗಳ ನಿಯಂತ್ರಣಕ್ಕೆ 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದ ನಂತರ ನಾನು ಸಭೆಯಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: ಎಷ್ಟು ಮಂದಿಯನ್ನು ತಪಾಸಣೆ ಮಾಡಿದಿರಿ? ಅವರಲ್ಲಿ ಎಷ್ಟು ಮಂದಿಗೆ ಎರಡನೆಯ ಪರೀಕ್ಷೆಯಲ್ಲಿ ರೋಗ ಖಚಿತವಾಯಿತು, ಒಂದು ವರ್ಷದ ನಂತರ ಎಷ್ಟು ಮಂದಿಯ ಸಕ್ಕರೆ ಹತೋಟಿಯಲ್ಲಿತ್ತು ಎಂದು ಒಮ್ಮೆಯೂ ಕೇಳಲಿಲ್ಲ. ಗುರಿ ಮುಟ್ಟಿದವರನ್ನು ಅಭಿನಂದಿಸಿ ಮುಂದಿನ ಕಡತ ತೆರೆಯುತ್ತಿದ್ದೆ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಆರಂಭಿಸಿದ ಮನೆ ಬಾಗಿಲಿಗೆ ತಪಾಸಣೆ ಒಯ್ಯುವ ಗೃಹ ಆರೋಗ್ಯ ಯೋಜನೆ ಸ್ವಾಗತಾರ್ಹವಾದುದು. ಅಲ್ಲಿಯೂ ನನ್ನಂಥ ಅಧಿಕಾರಿಗಳು ನನ್ನಂತೆಯೇ ಎಣಿಸಿದರೆ ಅತ್ತಿಗೆಯಂಥವರೂ ಅಣ್ಣನಂಥವರೂ ಲೆಕ್ಕದಿಂದ ತಪ್ಪಿಹೋಗುತ್ತಾರೆ.

ಮಾಡಬೇಕಾದದ್ದೇನು? ಮೊದಲನೆಯದಕ್ಕೆ ಸಂಶೋಧನೆಯೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಎಚ್‌ಬಿಎ1ಸಿ ಆಧಾರದ ಮೇಲೆ ಹೊಸದಾಗಿ ಮಧುಮೇಹವೆಂದು ಘೋಷಿಸುವ ಮುನ್ನ ಹಿಮೋಗ್ಲೋಬಿನ್ ಹಾಗೂ ಬರಿ ಹೊಟ್ಟೆಯ ಸಕ್ಕರೆಯನ್ನು ಕಡ್ಡಾಯವಾಗಿ ನೋಡಬೇಕು. ಎರಡನೆಯದು, ತಾಲ್ಲೂಕು ಮಟ್ಟದ ಪ್ರಯೋಗಾಲಯಗಳು, ಸರ್ಕಾರಿ ಇರಲಿ ಖಾಸಗಿ ಇರಲಿ, ತಮ್ಮ ಅಳತೆಯನ್ನು ಹೊರಗಿನ ಸಂಸ್ಥೆಯಿಂದ ನಿಯಮಿತವಾಗಿ ತಾಳೆ ನೋಡಿಸಿಕೊಳ್ಳಬೇಕು. ಸಂತೆಯ ತಕ್ಕಡಿಗೆ ಮುದ್ರೆ ಬೇಕೆನ್ನುವ ಸರ್ಕಾರ ರಕ್ತದ ತಕ್ಕಡಿಗೆ ವಿನಾಯಿತಿ ಕೊಡುವುದು ಸರಿಯಲ್ಲ. ಮೂರನೆಯದು ನಿಜವಾದ ಸಂಶೋಧನೆ. ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳು ನವಲಿಯಂತಹ ಹತ್ತಾರು ಹಳ್ಳಿಗಳಲ್ಲಿ, ನೀರಾವರಿಯವು ಅರ್ಧ, ಒಣಭೂಮಿಯವು ಅರ್ಧ, ಸಾವಿರದಷ್ಟು ವಯಸ್ಕರಿಗೆ ಗ್ಲೂಕೋಸ್ ಪರೀಕ್ಷೆ, ಎಚ್‌ಬಿಎ1ಸಿ, ಹಿಮೋಗ್ಲೋಬಿನ್, ಕಬ್ಬಿಣಾಂಶದ ಸಂಗ್ರಹ ಇವೆಲ್ಲವನ್ನೂ ಒಟ್ಟಿಗೆ ಅಳೆಯಲಿ. ಎಷ್ಟು ರಕ್ತಹೀನತೆಗೆ ಎಷ್ಟು ಅಂಕಿ ಏರುಪೇರಾಗುತ್ತದೆ, ಯಾವ ಪರೀಕ್ಷೆಯನ್ನು ಯಾವ ಕ್ರಮದಲ್ಲಿ ಮಾಡಿದರೆ ಕಡಿಮೆ ಖರ್ಚಿನಲ್ಲಿ ಕಡಿಮೆ ತಪ್ಪಾಗುತ್ತದೆ ಎಂಬುದು ಆಗ ತಿಳಿಯುತ್ತದೆ.

ಹಳ್ಳಿಗೆ ವೈದ್ಯರೇ ಇಲ್ಲದಾಗ ಸಂಶೋಧನೆಯ ಐಷಾರಾಮವೇಕೆ ಎಂದು ಕೇಳುವವರಿದ್ದಾರೆ. ವೈದ್ಯರು ವಿರಳವಾಗಿರುವುದರಿಂದಲೇ ಅವರ ಒಂದೊಂದು ನಿರ್ಧಾರವೂ ಸರಿಯಾಗಿರಬೇಕು ಎಂಬುದು ನನ್ನ ಉತ್ತರ. ಜೀವನಪರ್ಯಂತ ನುಂಗಬೇಕಾದ ಮಾತ್ರೆಯನ್ನು ಅಗತ್ಯವಿಲ್ಲದವರಿಗೆ ಕೊಡುವ ವೆಚ್ಚ ಸಣ್ಣದಲ್ಲ. ಬೆರಳು ಕಳೆದುಕೊಂಡ ರೈತನ ವೆಚ್ಚವನ್ನಂತೂ ಯಾವ ಆಯವ್ಯಯ ಪತ್ರವೂ ತೋರಿಸುವುದಿಲ್ಲ.

ಬಡವರ ಮೇಲೆ ಪ್ರಯೋಗ ನಡೆದೀತೆಂಬ ಆತಂಕವೂ ನಿರಾಧಾರವಲ್ಲ. ಖಮ್ಮಂನಲ್ಲಿ ಬಾಲಕಿಯರಿಗೆ ಎಚ್‌ಪಿವಿ ಲಸಿಕೆ ನೀಡಿದ ಯೋಜನೆಯಲ್ಲಿ ಹಾಸ್ಟೆಲ್ ವಾರ್ಡನ್‌ಗಳೇ ಒಪ್ಪಿಗೆ ಪತ್ರಗಳಿಗೆ ಸಹಿ ಮಾಡಿದ್ದು ಬಯಲಾಗಿ, 2010ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದ್ದರಿಂದ ಒಪ್ಪಿಗೆ ಪತ್ರ ಆಡುಗನ್ನಡದಲ್ಲಿರಬೇಕು, ಅದನ್ನು ಓದಿ ಹೇಳಬೇಕು, ಒಲ್ಲೆನೆನ್ನುವವರಿಗೆ ಚಿಕಿತ್ಸೆಯಲ್ಲಿ ಯಾವ ಕೊರತೆಯೂ ಆಗಬಾರದು. ರೋಗ ಪತ್ತೆಯಾದವರಿಗೆ ಚಿಕಿತ್ಸೆ ದೊರೆಯಬೇಕು. ಫಲಿತಾಂಶವನ್ನು ಗ್ರಾಮಸಭೆಯ ಮುಂದಿಡಬೇಕು. ರಕ್ತ ಕೊಟ್ಟವರಿಗೆ ಅದರಿಂದ ತಿಳಿದದ್ದನ್ನು ಕೇಳುವ ಹಕ್ಕಿದೆ.

ಅತ್ತಿಗೆ ಈಗ ಮತ್ತೆ ಅನ್ನ ಉಣ್ಣುತ್ತಾರೆ, ಜೊತೆಗೆ ಸೊಪ್ಪು ಕಾಳುಗಳನ್ನೂ ಮರೆಯುವುದಿಲ್ಲ. ಅಣ್ಣ ಗದ್ದೆಗಿಳಿಯುವುದನ್ನು ಬಿಟ್ಟು ಬದುವಿನ ಮೇಲೆ ಕೂರುತ್ತಾರೆ. ಅವರಿಬ್ಬರಿಗೂ ಸರಿಯಾದ ಪರೀಕ್ಷೆ ಸಕಾಲದಲ್ಲಿ ಆಗಿದ್ದರೆ ಒಬ್ಬರು ಕುಸಿದು ಬೀಳುತ್ತಿರಲಿಲ್ಲ, ಇನ್ನೊಬ್ಬರು ಇಂದಿಗೂ ಕೆಸರಿನಲ್ಲಿ ನಿಂತು ನಾಟಿ ನೋಡಿಕೊಳ್ಳುತ್ತಿದ್ದರು. ನವಲಿಯಲ್ಲಿ ಜಲಾಶಯ ಆಗುವುದೋ ಇಲ್ಲವೋ, ಅದು ರಾಜ್ಯಗಳ ನಡುವಿನ ಮಾತುಕತೆಗೆ ಬಿಟ್ಟ ವಿಷಯ. ಅಲ್ಲಿನ ಜನರ ರಕ್ತವನ್ನು ಸರಿಯಾಗಿ ಅಳೆಯುವುದಕ್ಕೆ ಯಾವ ರಾಜ್ಯದ ಒಪ್ಪಿಗೆಯೂ ಬೇಕಿಲ್ಲ.