ಒಮ್ಮೊಮ್ಮೆ ಸಿಗುವ ಕಾಳು

ತೆನೆ ಹಾಲುದುಂಬುವ ಹೊತ್ತಿಗೆ ಗದ್ದೆಗಿಳಿಯುವ ರಾಟವಾಳದ ಹಿಂಡು ಎಷ್ಟು ಓಡಿಸಿದರೂ ಮರಳಿ ಬರುತ್ತದೆ. ಮಲೆನಾಡಿನ ರೈತ ಇದನ್ನು ಹಕ್ಕಿಯ ಹಟವೆನ್ನುತ್ತಾನೆ. ಆ ಹಟದಲ್ಲಿ ಮನುಷ್ಯನ ಪಾಲೂ ಇದೆಯೆಂಬುದನ್ನು ಪಾರಿವಾಳಗಳ ಮೇಲೆ ನಡೆದ ಹಳೆಯ ಪ್ರಯೋಗಗಳು ಸೂಚಿಸುತ್ತವೆ.

ಅಮೆರಿಕದ ಮನೋವಿಜ್ಞಾನಿಗಳಾದ ಚಾರ್ಲ್ಸ್ ಫರ್ಸ್ಟರ್ ಮತ್ತು ಬಿ. ಎಫ್. ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥದ ವಸು ಪ್ರತಿಫಲದ ಕ್ರಮ. ಪೆಟ್ಟಿಗೆಯೊಳಗಿನ ಪಾರಿವಾಳ ಗೋಡೆಯ ಬಿಲ್ಲೆಯನ್ನು ಕುಟುಕಿದರೆ ಕಾಳು ದೊರೆಯುತ್ತಿತ್ತು. ನಿಗದಿತ ಅವಧಿ ಕಳೆದ ನಂತರದ ಕುಟುಕಿಗೆ ಮಾತ್ರ ಕಾಳು ಸಿಗುವಂತೆ ಮಾಡಿದಾಗ ಹಕ್ಕಿ ತಿಂದೊಡನೆ ಸುಮ್ಮನಾಗಿ, ಅವಧಿ ಸಮೀಪಿಸಿದಂತೆ ವೇಗ ಹೆಚ್ಚಿಸುತ್ತಿತ್ತು. ಎಷ್ಟನೆಯ ಕುಟುಕಿಗೆ ಕಾಳು ಬೀಳುವುದೆಂದು ತಿಳಿಯದಂತೆ ಮಾಡಿದಾಗ ಬಿಡುವಿಲ್ಲದೆ ಕುಟುಕಿತು. ಕಾಳು ಪೂರ್ತಿ ನಿಂತ ಮೇಲಿನ ನಡವಳಿಕೆ ಇನ್ನೂ ಗಮನಾರ್ಹ. ಪ್ರತಿ ಕುಟುಕಿಗೂ ಕಾಳು ಪಡೆದಿದ್ದ ಹಕ್ಕಿ ಬೇಗನೆ ಪ್ರಯತ್ನ ಬಿಟ್ಟಿತು. ಒಮ್ಮೊಮ್ಮೆ ಮಾತ್ರ ಪಡೆದಿದ್ದ ಹಕ್ಕಿ ಬರಿಯ ಬಿಲ್ಲೆಯನ್ನು ಸಾವಿರಾರು ಸಲ ಕುಟುಕಿತು. ಕಾಳಿಲ್ಲದ ಸರದಿ ಅದಕ್ಕೆ ಹೊಸತಾಗಿರಲಿಲ್ಲ.

ಗದ್ದೆಬಯಲಿನಲ್ಲಿ ಹಕ್ಕಿ ಕಲಿಯುತ್ತಿರುವುದು ಹೆಚ್ಚುಕಡಿಮೆ ಈ ಎರಡನೆಯ ಪಾಠವನ್ನೇ. ಎರಡು ದಿನ ಡಬ್ಬ ಬಡಿದು, ಮೂರನೆಯ ದಿನ ಮದುವೆಗೋ ಸಂತೆಗೋ ಹೋದರೆ ಹಿಂಡಿಗೆ ಅಂದು ಊಟ. ಒಬ್ಬನ ಗದ್ದೆಯಿಂದ ಎದ್ದದ್ದು ಕಾವಲಿಲ್ಲದ ಪಕ್ಕದ ಗದ್ದೆಯಲ್ಲಿ ಇಳಿಯುತ್ತದೆ. (ನಿಂತಲ್ಲೇ ನಿಂತ ಬೆರ್ಚಪ್ಪನ ಕಥೆ ಬೇರೆ, ಅವನಿಂದ ಕೇಡಿಲ್ಲವೆಂಬುದು ಹಕ್ಕಿಗೆ ಬೇಗನೆ ತಿಳಿಯುತ್ತದೆ.) ಆದ್ದರಿಂದ ಇಡೀ ಬಯಲಿನವರು ಒಟ್ಟಾಗಿ, ಮೊದಲ ತೆನೆ ಹಾಲುದುಂಬುವ ಮುನ್ನವೇ ಸರದಿಯ ಕಾವಲು ಆರಂಭಿಸಿ, ಕೊಯ್ಲಿನವರೆಗೆ ಬಿಡದೆ ನಡೆಸುವುದು ಮೇಲು. ಆಳು ಸಿಗದ, ಯುವಜನರು ಪಟ್ಟಣ ಸೇರಿದ ಊರುಗಳಿಗೆ ಇದು ಸುಲಭದ ಮಾತಲ್ಲ. ಹಾಗೆಂದು ಬೇಸತ್ತು ಕಾಳಿಗೆ ವಿಷ ಬೆರೆಸುವುದನ್ನು ಒಪ್ಪಲಾಗದು. ಆ ಕಾಳನ್ನು ನವಿಲೂ ತಿನ್ನುತ್ತದೆ, ಮನೆಯ ಕೋಳಿಯೂ ತಿನ್ನುತ್ತದೆ.

ಪ್ರಯೋಗಾಲಯಕ್ಕೂ ಬಯಲಿಗೂ ಇರುವ ಒಂದು ವ್ಯತ್ಯಾಸವನ್ನು ಮರೆಯಬಾರದು. ಸ್ಕಿನ್ನರರ ಪಾರಿವಾಳಗಳನ್ನು ತೂಕ ಇಳಿಯುವಷ್ಟು ಹಸಿವಿನಲ್ಲಿಡಲಾಗಿತ್ತು. ಪೆಟ್ಟಿಗೆಯಲ್ಲಿ ಬೇರೆ ಆಹಾರವೂ ಇರಲಿಲ್ಲ. ರಾಟವಾಳಕ್ಕಾದರೋ ಬದುವಿನ, ಬೇಣದ ಹುಲ್ಲುಬೀಜವಿತ್ತು. ಕಳೆನಾಶಕ ಸಿಂಪಡಿಸಿ ಬದುಗಳನ್ನೆಲ್ಲ ಒಣಗಿಸಿದ ಊರುಗಳಲ್ಲಿ ಬಯಲೂ ಆ ಪೆಟ್ಟಿಗೆಯಂತೆಯೇ ಆಗುತ್ತಿದೆ. ಗದ್ದೆಯೊಳಗಿನ ಕಳೆ ಕೀಳುವುದು ಬೇರೆ ವಿಚಾರ. ಬದುವಿನ ಹುಲ್ಲನ್ನು ಬೀಜ ಕಟ್ಟುವವರೆಗೆ ಉಳಿಸುವ ಮಾತು ಕಳೆನಾಶಕ ಕೊಳ್ಳುವ ಮೊದಲೇ ಊರಿನ ಸಭೆಯಲ್ಲಿ ಚರ್ಚೆಗೆ ಬರಲಿ.