78 ದಿನದ ಲೆಕ್ಕ, ನಾಲ್ಕು ದಿನದ ಕೊರತಿ

ನಮ್ಮ ಅಡಗಿ ಮನಿ ಗ್ವಾಡಿಗೆ ಒಂದು ಕ್ಯಾಲೆಂಡರ್ ಅದ. ಹಾಲಿನ ಲೆಕ್ಕ, ಸಿಲಿಂಡರ್ ಹಚ್ಚಿದ ತಾರೀಖು, ರೊಟ್ಟಿ ಬಡೀಲಿಕ್ಕೆ ಬರೂ ಆಕಿ ಖಾಡಾ ಮಾಡಿದ ದಿನ, ಎಲ್ಲಾ ಅದರ ಮ್ಯಾಲೆನ. ಎಷ್ಟೋ ವರ್ಷದಿಂದ ನಾನು ಹಿಂಗ ಗೀಟು ಹಾಕ್ತಾ ಬಂದೀನಿ. ಇಂಥಾ ಗೀಟಿನಿಂದ ಒಂದು ಮನಿ ಒಲಿ ಹತ್ತೂದೋ ಬಿಡೂದೋ ಠರಾವ್ ಆಗ್ತದ ಅನ್ನೂದು ಮಾತ್ರ 2024ರ ಫೆಬ್ರುವರಿ ತನಕಾ ನನ್ನ ತಲಿಗೆ ಹೊಳೆದಿರಲಿಲ್ಲ.

ರೊಟ್ಟಿ ಬಡಿಯೂ ಆಕಿದು ಅದೊಂದ ಕೆಲಸ ಅಲ್ಲ. ಒಂದು ದೊಡ್ಡ ದವಾಖಾನಿಯೊಳಗ ಸ್ವಚ್ಛತಾ ಕೆಲಸಕ್ಕೂ ಹೋಗ್ತಾಳ, ಕಾಂಟ್ರ್ಯಾಕ್ಟರ್ ಕೈ ಕೆಳಗ. ದಿನಾ ಅಲ್ಲ. ಫೋನ್ ಬಂದ್ರ ಹೋಗೂದು, ಬರದಿದ್ರ ನಮ್ಮಂಥವರ ಮನಿ ರೊಟ್ಟಿ. ಗಂಡ ಬಿಟ್ಟು ಹೋಗಿ ನಾಲ್ಕು ವರ್ಷ. ಎರಡನೇತ್ತ ಓದೂ ಮಗಳನ್ನ ಕಟಗೊಂಡು ಬಾಡಿಗಿ ಖೋಲಿಯೊಳಗ ಇರ್ತಾಳ. ಸಾಲಿ ಇದ್ದಾಗ ಮಗಳ ಮಧ್ಯಾಹ್ನದ ಊಟ ಸಾಲ್ಯಾಗ ಆಗ್ತದ, ಆಕಿ ಡ್ಯೂಟಿ ಹಿಡೀತಾಳ. ಏಪ್ರಿಲ್-ಮೇ ಸೂಟಿಯೊಳಗ ಹುಡುಗಿನ್ನ ಯಾರ ಕಡೆ ಬಿಡಬೇಕು? ಆವಾಗ ಫೋನ್ ಬಂದ್ರೂ "ಆಗೂದಿಲ್ರೀ" ಅಂತಾಳ. ಎರಡು ಸಲ ಹಂಗಂದ್ರ ಮೂರನೇ ಸಲ ಫೋನ ಬರೂದಿಲ್ಲ.

ಆ ಫೆಬ್ರುವರಿಯೊಳಗ ಆಕಿಗೆ ಕಾಮಾಲಿ ಆತು. ಇಎಸ್‌ಐ ದವಾಖಾನಿ ಡಾಕ್ಟರು 20 ದಿನ ವಿಶ್ರಾಂತಿ ಬರದು ಕೊಟ್ರು. ಔಷಧ ಸಿಕ್ತು. ಪಗಾರದ ಬದಲಿ ಬರಬೇಕಾದ ರೊಕ್ಕ ಸಿಗಲಿಲ್ಲ. "ಅಕ್ಕಾರ, ನನ್ನ ಪಗಾರದಾಗ ಪ್ರತಿ ಸಲ ಹಿಡಿದಾರ, ಈಗ ನನಗ ಬರೂದಿಲ್ಲ ಅಂತಾರ, ಯಾಕಂತ ಸ್ವಲ್ಪ ನೋಡ್ರಿ" ಅಂತ ಒಂದು ಪ್ಲಾಸ್ಟಿಕ್ ಚೀಲದ ತುಂಬ ಪಗಾರ ಚೀಟಿ ತಂದು ನನ್ನ ಮುಂದ ಸುರುವಿದಳು.

ಆವತ್ತು ನಾನು ಕಲಿತ ಲೆಕ್ಕ ನಿಮಗೂ ಹೇಳ್ತೀನಿ. ನಿಮ್ಮ ಮನಿಗೆ ಬರೂ ಆಕಿಗೂ ಬೇಕಾಗಬಹುದು.

ಇಎಸ್‌ಐಯೊಳಗ ವರ್ಷವನ್ನ ಎರಡು ಹೋಳು ಮಾಡ್ಯಾರ. ಏಪ್ರಿಲ್‌ದಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ದಿಂದ ಮಾರ್ಚ್ ಇನ್ನೊಂದು. ಏಪ್ರಿಲ್-ಸೆಪ್ಟೆಂಬರ್‌ದಾಗ ಕಟ್ಟಿದ್ದರ ಫಲ ಮುಂದಿನ ಜನವರಿಯಿಂದ ಜೂನ್ ತನಕಾ. ಅಕ್ಟೋಬರ್-ಮಾರ್ಚ್‌ದ ಫಲ ಜುಲೈದಿಂದ ಡಿಸೆಂಬರ್ ತನಕಾ. ಜಡ್ಡಾಗಿ ಮಲಗಿದಾಗ ರೊಕ್ಕ ಬರಬೇಕಂದ್ರ ಆ ಆರು ತಿಂಗಳ ಹೋಳಿನೊಳಗ ಕಡಿಮಿ ಅಂದ್ರೂ 78 ದಿನದ ವಂತಿಗಿ ಬಿದ್ದಿರಬೇಕು. ಬಿದ್ದಿದ್ರ ದಿನದ ಪಗಾರದ ನೂರಕ್ಕ 70 ಪಾಲು, ವರ್ಷಕ್ಕ 91 ದಿನದ ತನಕಾ ಕೊಡ್ತಾರ. ಮೊದಲ ಎರಡು ದಿನ ಮಾತ್ರ ಲೆಕ್ಕಕ್ಕಿಲ್ಲ.

ಅಂದ್ರ ಫೆಬ್ರುವರಿ ಕಾಮಾಲಿಗೆ ಹಿಂದಿನ ಏಪ್ರಿಲ್-ಸೆಪ್ಟೆಂಬರ್ ಹಾಜರಿ ನೋಡಬೇಕು. ಚೀಟಿ ಹರವಿಕೊಂಡು ಕೂಡಿಸಿದ್ವಿ. ಏಪ್ರಿಲ್ 9, ಮೇ 8, ಜೂನ್ 15, ಜುಲೈ 16, ಆಗಸ್ಟ್ 14, ಸೆಪ್ಟೆಂಬರ್ 12. ಒಟ್ಟು 74. ನಾಲ್ಕು ದಿನ ಕಡಿಮಿ!

ಆಕಿ ದಿನದ ಪಗಾರ 450 ರೂಪಾಯಿ. ಅದರ 70 ಪಾಲು ಅಂದ್ರ 315. ಇಪ್ಪತ್ತು ದಿನದಾಗ ಎರಡು ಬಿಟ್ಟು ಹದಿನೆಂಟು ದಿನಕ್ಕ 5,670 ರೂಪಾಯಿ. ಎರಡು ತಿಂಗಳ ಖೋಲಿ ಬಾಡಿಗಿ ಅದು. ನಾಲ್ಕು ದಿನದ ಸಲುವಾಗಿ ಪೂರಾ ಹೋತು. ನಾಲ್ಕು ದಿನದ್ದಷ್ಟ ಕಡದು ಉಳದದ್ದು ಕೊಡ್ತಾರೇನು ಅಂದ್ರ, ಇಲ್ಲ. 78 ಆದ್ರ ಪೂರ್ತಿ, 77 ಆದ್ರ ಸೊನ್ನಿ.

"ತಿಂಗಳಿಗೆ 13 ದಿನ ಕೆಲಸಾ ಮಾಡೂದು ಅಷ್ಟೇನು ಕಷ್ಟ?" ಅಂತ ನಮ್ಮ ಮನ್ಯಾಗ ಕೇಳಿದ್ರು. ನಾನೂ ಹಂಗ ಅನಕೊಂಡಿದ್ದೆ. ಆದ್ರ ಚೀಟಿಯೊಳಗ ಇನ್ನೊಂದು ಸಂಗತಿ ಇತ್ತು. ಆ ಆರು ತಿಂಗಳದಾಗ 11 ಸಲ ಆಕಿ ಡಬಲ್ ಡ್ಯೂಟಿ ಮಾಡ್ಯಾಳ. ರಾತ್ರಿ ಪಾಳಿಯವಳು ಬರದಿದ್ದಾಗ ಮಗಳನ್ನ ಬಾಜೂ ಮನಿ ಮುದುಕಿ ಕಡೆ ಬಿಟ್ಟು 16 ತಾಸು ನಿಂತಾಳ. ಪಾಳಿ ಎಣಿಸಿದ್ರ 74 ಅಲ್ಲ, 85. ತಾಸಿನ ಲೆಕ್ಕಕ್ಕ 680. 78 ದಿನಕ್ಕ ಎಂಟೆಂಟು ತಾಸು ಹಿಡಿದ್ರ ಆಗೂದು 624. ಅಂದ್ರ ಬೇಕಾದ್ದಕ್ಕಿಂತ ಹೆಚ್ಚ ದುಡದಾಳ, ಆದ್ರೂ ಕಡಿಮಿ ಬಿತ್ತು. ಯಾಕಂದ್ರ ಒಂದ ತಾರೀಖಿನೊಳಗ ಎರಡು ಪಾಳಿ ಮಾಡಿದ್ರೂ ಅದು ಒಂದ ದಿನ. ವಂತಿಗಿ ಹಿಡಿಯೂವಾಗ ಹಂಗಲ್ಲ. ಪಗಾರದ ನೂರು ರೂಪಾಯಿಗೆ ಆಕಿ ಪಾಲು 75 ಪೈಸೆ, ಮಾಲಕರ ಪಾಲು 3 ರೂಪಾಯಿ 25 ಪೈಸೆ, ಓಟಿ ರೊಕ್ಕಕ್ಕೂ ಸೇರಿಸಿ. ತೊಗೊಳ್ಳೂವಾಗ ಎರಡೂ ಪಾಳಿ ಲೆಕ್ಕಕ್ಕ ಬಂದ್ವು, ಕೊಡೂವಾಗ ಒಂದ.

ದಿನಾ ಹತ್ತರಿಂದ ಐದರ ತನಕಾ ಕೆಲಸಾ ಮಾಡೂವರಿಗೆ ಈ ನಿಯಮ ಏನೂ ತ್ರಾಸ ಕೊಡೂದಿಲ್ಲ. ಮನ್ಯಾಗ ಇನ್ನೊಬ್ಬರು ದೊಡ್ಡವರಿದ್ದು, ಕೂಸಿಗೆ ಜ್ವರ ಬಂದ್ರ ಪಾಳಿ ಹಂಚಿಕೊಳ್ಳೂ ಮನಿಗೂ ಅಷ್ಟ. ಪೆಟ್ಟು ಬೀಳೂದು ಒಬ್ಬಾಕಿನ ತಾಯಿ-ತಂದಿ ಎರಡೂ ಆಗಿರೂ ಮನಿಗೆ. ಆ ಮನ್ಯಾಗ ಕೂಸಿನ ಜ್ವರನೂ ಆಕಿದ ಖಾಡಾ, ಸಾಲಿ ಸೂಟಿನೂ ಆಕಿದ ಖಾಡಾ.

ಹಂಗಾರ ತಿಂಗಳಪೂರ್ತಿ ಕೆಲಸಕ್ಕ ಹೋಗು ಅಂದೆ. ಆಕಿ ನಕ್ಕಳು. "ಅಕ್ಕಾರ, 26 ದಿನ ಹೋದ್ರ ಕಾರ್ಡ್ ಸಿಗಾಂಗಿಲ್ರಿ" ಅಂದಳು. ಅದನ್ನೂ ಲೆಕ್ಕ ಹಾಕಿದೆ. 450ರ ಪ್ರಕಾರ 26 ದಿನ, ಹನ್ನೆರಡು ತಿಂಗಳು: 1,40,400 ರೂಪಾಯಿ. ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1,20,000 ದಾಟಬಾರದು. ಆಕಿ ಹೆಸರು ಇನ್ನೂ ಅತ್ತಿ ಮನಿ ಕಾರ್ಡಿನೊಳಗ ಅದ. ಗೃಹಲಕ್ಷ್ಮಿಯ 2,000 ರೂಪಾಯಿ ಕಾರ್ಡಿನೊಳಗ ಯಜಮಾನಿ ಅಂತ ಇದ್ದಾಕಿಗೆ ಹೋಗ್ತದ, ಅಂದ್ರ ಅತ್ತಿಗೆ. ತನ್ನದ ಬ್ಯಾರೆ ಕಾರ್ಡ್ ಮಾಡಿಸಬೇಕಂದ್ರ ಆದಾಯ ಕಡಿಮಿ ಇರಬೇಕು. ಜಡ್ಡಾದಾಗ ರೊಕ್ಕ ಬರಬೇಕಂದ್ರ ದಿನ ಹೆಚ್ಚ ಇರಬೇಕು. ಅತ್ತ ದರಿ, ಇತ್ತ ಪುಲಿ. ನಡುವಿನ ಸಣ್ಣ ಕಾಲುದಾರಿಯೊಳಗ ಎಷ್ಟು ದಿನ ಕೆಲಸಾ ಬರ್ತದ ಅನ್ನೂದು ಆಕಿ ಕೈಯಾಗಿಲ್ಲ, ಕಾಂಟ್ರ್ಯಾಕ್ಟರ್ ಫೋನಿನೊಳಗ ಅದ.

ಮಿತಿನ ಬ್ಯಾಡ ಅಂತ ನಾನು ಅನ್ನೂದಿಲ್ಲ. ಒಂದು ದಿನದ ವಂತಿಗಿ ಕಟ್ಟಿ ತಿಂಗಳಗಟ್ಟಲೆ ರೊಕ್ಕ ಕೇಳಿದ್ರ ಯಾವ ನಿಧಿನೂ ಉಳಿಯೂದಿಲ್ಲ. ಆದ್ರ ಎಣಿಸೂ ರೀತಿ ಬದಲಿ ಮಾಡಬಹುದಲ್ಲ? ಒಂದ ದಿನ ಎರಡು ಪಾಳಿ ಮಾಡಿದ್ರ ಎರಡು ಅಂತ ಹಿಡೀರಿ. ಇಲ್ಲಂದ್ರ ಹಿಂದಿನ ಎರಡೂ ಹೋಳು ಕೂಡಿಸಿ ನೋಡ್ರಿ. ಇದೇನು ಹೊಸಾ ಮಾತಲ್ಲ, ಅದ ಇಎಸ್‌ಐಯೊಳಗ ಹೆರಿಗಿ ಸೌಲಭ್ಯಕ್ಕ ಹಿಂದಿನ ಎರಡು ಹೋಳು ಕೂಡಿ 70 ದಿನ ಆದ್ರ ಸಾಕು ಅಂತ ನಿಯಮ ಅದ. ಬಾಣಂತಿಗೆ ಸಲ್ಲೂ ಲೆಕ್ಕ ಕಾಮಾಲಿ ಆದಾಕಿಗೆ ಯಾಕ ಸಲ್ಲಬಾರದು? ಮತ್ತ, ನಾಲ್ಕು ದಿನ ಕಡಿಮಿ ಬಿದ್ರ ಅದಕ್ಕ ತಕ್ಕಷ್ಟು ಕಡದು ಕೊಡ್ರಿ. ಕೈ ಬೀಸಿ ಕಳಸಬ್ಯಾಡ್ರಿ.

ಸರಕಾರಕ್ಕ ಇಷ್ಟು ಹೇಳಿ ನಾನು ಸುಮ್ಮನಾಗೂ ಹಂಗಿಲ್ಲ. ನಮ್ಮ ಮನ್ಯಾಗ ಆಕಿ ಬಡದ ರೊಟ್ಟಿಗೆ ಯಾವ ವಂತಿಗಿನೂ ಇಲ್ಲ, ಯಾವ ಹಾಜರಿನೂ ಇಲ್ಲ. ಆಕಿ ಕಾಮಾಲಿಯಾಗಿ ಮಲಗಿದ ಆ ಇಪ್ಪತ್ತು ದಿನ ನಮ್ಮ ಕ್ಯಾಲೆಂಡರ್ ಮ್ಯಾಲೆ ನಾನ ಗೀಟು ಹಾಕಿದ್ದೆ, ತಿಂಗಳ ಕೊನಿಗೆ ಕಡಿಯೂ ಸಲುವಾಗಿ. ಚೀಟಿ ಕೂಡಿಸಿದ ದಿನ ತಲಿ ಎತ್ತಿ ಗ್ವಾಡಿ ನೋಡಿದೆ, ನಾಚಿಕಿ ಬಂತು. ಆ ತಿಂಗಳು ಕಡೀಲಿಲ್ಲ. ಆವಾಗಿಂದ ತಿಂಗಳಿಗೆ ಮೂರು ದಿನ ಪಗಾರಿ ಸೂಟಿ, ಜಡ್ಡಾದ್ರ ಬ್ಯಾರೆ. ದೊಡ್ಡ ಉಪಕಾರ ಅಲ್ಲ ಅದು, ಆಕಿಗೆ ಸಲ್ಲಬೇಕಾದ್ದು.

ಇನ್ನೊಂದು ಮಾಡೀನಿ. ಆಕಿಗೂ ಒಂದು ಕ್ಯಾಲೆಂಡರ್ ಕೊಡಿಸೀನಿ. ಈಗ ಗೀಟು ಹಾಕೂದು ಆಕಿ ಮಗಳು: ದವಾಖಾನಿ ಡ್ಯೂಟಿ ಇದ್ದ ದಿನಕ್ಕ ಕೆಂಪು ಪೆನ್ನಿನಿಂದ ಸುತ್ತು. ಆಗಸ್ಟ್ ಕೊನಿಗೂ ಫೆಬ್ರುವರಿ ಕೊನಿಗೂ ಕೂತು ಎಣಿಸ್ತೀವಿ. ಕಡಿಮಿ ಇದ್ರ ಆಕಿ ಹೋಗಿ ಕಾಂಟ್ರ್ಯಾಕ್ಟರನ್ನ ಕೇಳ್ತಾಳ, "ಸಾಹೇಬ್ರ, ಈ ತಿಂಗಳು ಇಷ್ಟು ದಿನ ಬೇಕ ಬೇಕು". ಒಮ್ಮೊಮ್ಮೆ ಕೊಡ್ತಾನ. ಕೊಡದಿದ್ದ ದಿನ ನಮ್ಮ ಮನಿಗೆ ಬಂದು ರೊಟ್ಟಿ ಬಡೀತಾಳ, ಮಗಳು ಅಡಗಿ ಮನಿ ಕಟ್ಟಿ ಮ್ಯಾಲೆ ಕೂತು ಎಣಿಸ್ತಾಳ. ಕಳೆದ ಸಲ ಎಣಿಸಿದಾಗ 81 ಇದ್ವು.